ಗುರ್ಲಹೊಸೂರಿನ ಲಕ್ಷ್ಮಣರಾಯರು: ಬಿಚ್ಚಿ ಕಟ್ಟುವ ವಿದ್ಯೆ

ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ತಂದು, ಅದನ್ನು ರೇಸ್ ಟ್ರ್ಯಾಕಿಗೆ ತಕ್ಕ ಯಂತ್ರವಾಗಿ ಮರುನಿರ್ಮಿಸುವುದು ಅನೇಕ ದೇಶಗಳಲ್ಲಿ ಬೇರೂರಿರುವ ಹವ್ಯಾಸ. ಕೆಲಸದ ಕ್ರಮ ಮೇಲ್ನೋಟಕ್ಕೆ ಸರಳ. ಮೊದಲು ಕಾರನ್ನು ಪೂರ್ತಿಯಾಗಿ ಬಿಚ್ಚಬೇಕು. ಓಟಕ್ಕೆ ನೆರವಾಗದ ಆಸನ, ನೆಲಹಾಸು, ಒಳಹೊದಿಕೆಗಳನ್ನು ಕಿತ್ತು ತೂಕ ಇಳಿಸಬೇಕು. ಕಾರು ಉರುಳಿದರೂ ಚಾಲಕ ಉಳಿಯುವಂತೆ ಉಕ್ಕಿನ ಕೊಳವೆಗಳ ಪಂಜರವನ್ನು ಬೆಸೆಯಬೇಕು. ಸ್ಪ್ರಿಂಗುಗಳನ್ನು ಬಿಗಿಗೊಳಿಸಿ, ಬ್ರೇಕುಗಳು ಕಾವು ತಾಳುವಂತೆ ಮಾಡಿ, ಗೇರುಗಳ ಅನುಪಾತವನ್ನು ಆ ಟ್ರ್ಯಾಕಿನ ತಿರುವುಗಳಿಗೆ ಹೊಂದಿಸಬೇಕು. ಇಷ್ಟರಲ್ಲಿ ಹೊಸ ಆವಿಷ್ಕಾರ ಎನ್ನುವಂಥದ್ದು ಯಾವುದೂ ಇರುವುದಿಲ್ಲ. ಆದರೂ ಕೆಲಸ ಮುಗಿದಾಗ ಎದುರಿಗೆ ನಿಂತಿರುವುದು ಮೊದಲಿನ ಕಾರಾಗಿರುವುದಿಲ್ಲ.

ನ್ಯೂಜಿಲೆಂಡಿನ ಬ್ರೂಸ್ ಮೆಕ್ಲಾರೆನ್ ಈ ದಾರಿಯಲ್ಲೇ ಮೇಲೆ ಬಂದವರು. ಆಕ್ಲೆಂಡಿನಲ್ಲಿ ಗ್ಯಾರೇಜು ನಡೆಸುತ್ತಿದ್ದ ತಂದೆ ಕೊಂಡು ತಂದ ಹಳೆಯ ಆಸ್ಟಿನ್ ಸೆವೆನ್ ಅಲ್ಸ್ಟರ್ ಕಾರನ್ನು ತಂದೆ ಮಗ ಸೇರಿ ಓಟಕ್ಕೆ ಸಿದ್ಧಗೊಳಿಸಿದರು. ಆ ಹುಡುಗ 1959ರಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ, ಅಮೆರಿಕದ ಗ್ರ್ಯಾನ್ ಪ್ರೀ ಗೆದ್ದ. 1963ರಲ್ಲಿ ಅವರು ಕಟ್ಟಿದ ತಂಡ ಇಂದಿಗೂ ಫಾರ್ಮುಲಾ ಒನ್ ಕಣದಲ್ಲಿದೆ. 1970ರಲ್ಲಿ, ಕಾರೊಂದನ್ನು ಪರೀಕ್ಷಿಸುತ್ತಿದ್ದಾಗ ಸಂಭವಿಸಿದ ಅಪಘಾತದಲ್ಲಿ ಅವರು ತೀರಿಕೊಂಡರು.

ಇಂಥ ಕಥೆಗಳನ್ನು ಓದಿದಾಗ ಅವು ಯಾವುದೋ ಶ್ರೀಮಂತ ದೇಶದ ಶೋಕಿ ಎನಿಸುವುದು ಸಹಜ. ಆದರೆ ಅನ್ಯರು ತಮ್ಮ ಅಗತ್ಯಕ್ಕೆಂದು ಕಟ್ಟಿದ ಯಂತ್ರವನ್ನು ಬಿಚ್ಚಿ, ಅರ್ಥಮಾಡಿಕೊಂಡು, ತನ್ನ ನೆಲಕ್ಕೆ ತಕ್ಕಂತೆ ಮತ್ತೆ ಕಟ್ಟುವ ಇದೇ ವಿದ್ಯೆಯಿಂದ ಬೆಳಗಾವಿ ಸೀಮೆಯ ವ್ಯಕ್ತಿಯೊಬ್ಬರು ಒಂದು ಶತಮಾನಕ್ಕೂ ಹಿಂದೆ ದೇಶದ ಕೈಗಾರಿಕಾ ಚರಿತ್ರೆಯ ಒಂದು ಅಧ್ಯಾಯವನ್ನೇ ಬರೆದರು. ಅವರ ಕಣ ರೇಸ್ ಟ್ರ್ಯಾಕ್ ಅಲ್ಲ, ಎರೆಭೂಮಿ. ಅವರು ಕಟ್ಟಿದ್ದು ಕಾರನ್ನಲ್ಲ, ನೇಗಿಲನ್ನು. ಅವರೇ ಲಕ್ಷ್ಮಣರಾವ್ ಕಿರ್ಲೋಸ್ಕರ್.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳೆಂದರೆ ನಮ್ಮ ಮನಸ್ಸಿಗೆ ಮೊದಲು ಬರುವುದು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಯಲ್ಲಮ್ಮನ ಗುಡ್ಡ, ಮಲಪ್ರಭೆ ಮತ್ತು ನೇಕಾರರ ಮಗ್ಗಗಳು. ಯಂತ್ರ ನಿರ್ಮಾಣಕ್ಕೂ ಈ ಸೀಮೆಗೂ ಸಂಬಂಧವಿದೆಯೆಂಬುದು ಅನೇಕರ ಗಮನಕ್ಕೆ ಬಂದಿಲ್ಲ. ಲಕ್ಷ್ಮಣರಾಯರು ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ. ಚಿದಂಬರ ದೀಕ್ಷಿತರ ಕ್ಷೇತ್ರವೆಂದು ಭಕ್ತರಿಗೆ ಪರಿಚಿತವಾದ ಊರು ಅದು. 1880ರಲ್ಲಿ ಶಾಕುಂತಲ ನಾಟಕವನ್ನು ಸಂಗೀತದೊಂದಿಗೆ ರಂಗಕ್ಕೆ ತಂದು ಮರಾಠಿ ರಂಗಭೂಮಿಯ ದಿಕ್ಕನ್ನೇ ಬದಲಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು. ಮನೆಮಾತು ಮರಾಠಿ, ನೆಲ ಕನ್ನಡ. ಭಾಷೆಯ ಗಡಿಗಳು ಈಗಿನಷ್ಟು ಬಿಗಿಯಾಗಿರದ ಆ ದಿನಗಳಲ್ಲಿ ಇದು ಯಾರಿಗೂ ವಿಶೇಷವೆನಿಸಿರಲಿಲ್ಲ.

ತಂದೆ ಕಾಶಿನಾಥಪಂತರು ವೇದಾಂತದಲ್ಲಿ ಆಸಕ್ತರು. ಮಗನಿಗೆ ಚಿತ್ರ ಮತ್ತು ಯಂತ್ರಗಳ ಗೀಳು. 1885ರಲ್ಲಿ ಲಕ್ಷ್ಮಣರಾಯರು ಮುಂಬಯಿಗೆ ಹೋಗಿ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಕೆಲ ಕಾಲದಲ್ಲೇ ಅವರಿಗೆ ಭಾಗಶಃ ವರ್ಣಾಂಧತೆ ಇರುವುದು ಪತ್ತೆಯಾಯಿತು. ಚಿತ್ರಕಾರನಾಗಬಯಸಿದ ತರುಣನಿಗೆ ಇದಕ್ಕಿಂತ ದೊಡ್ಡ ಆಘಾತ ಬೇರೊಂದಿಲ್ಲ. ಅವರು ಬಣ್ಣವನ್ನು ಬಿಟ್ಟು ಗೆರೆಯನ್ನು ಹಿಡಿದರು. ಯಂತ್ರಗಳ ನಕ್ಷೆ ಬರೆಯುವುದಕ್ಕೆ ಬಣ್ಣದ ಹಂಗಿಲ್ಲ. ಅದರಲ್ಲಿ ಪರಿಣತಿ ಗಳಿಸಿ, ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರ ನಕ್ಷೆಯ ಸಹಾಯಕ ಅಧ್ಯಾಪಕರಾದರು. ಪಾಠದ ಹೊತ್ತು ಮುಗಿದ ಮೇಲೆ ಅದೇ ಸಂಸ್ಥೆಯ ಕಾರ್ಯಾಗಾರದಲ್ಲಿ ಯಂತ್ರಗಳ ಕೆಲಸವನ್ನು ಕೈಯಾರೆ ಕಲಿತರು. ಎಂಜಿನಿಯರಿಂಗ್ ಪದವಿ ಅವರಿಗೆ ಇರಲಿಲ್ಲ. ಯಂತ್ರವನ್ನು ಬಿಚ್ಚಿದಾಗ ಪ್ರತಿ ಭಾಗವನ್ನೂ ಅಳತೆಗೆ ಸರಿಯಾಗಿ ಕಾಗದದ ಮೇಲೆ ಇಳಿಸಬಲ್ಲ ಕೈ ಇತ್ತು. ಮುಂದಿನ ಬದುಕಿಗೆ ಅದೇ ಬಂಡವಾಳವಾಯಿತು.

ಮುಂಬಯಿಯಲ್ಲಿ ಕಂಡ ಸೈಕಲ್ ಅವರ ಬದುಕಿನ ದಾರಿಯನ್ನು ಬದಲಿಸಿತು. ಅಂದಿಗೆ ಸೈಕಲ್ ದುಬಾರಿಯಾದ, ಕೌತುಕದ ವಿದೇಶಿ ಯಂತ್ರ. 1888ರಲ್ಲಿ ಅವರು ಸೋದರ ರಾಮುಅಣ್ಣನವರೊಡನೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ಆರಂಭಿಸಿದರು. ಲಕ್ಷ್ಮಣರಾಯರು ಮುಂಬಯಿಯಿಂದ ಸೈಕಲ್ ಕಳುಹಿಸುವುದು, ರಾಮುಅಣ್ಣ ಇಲ್ಲಿ ಅದನ್ನು ಮಾರಿ, ಕೊಂಡವರಿಗೆ ಸವಾರಿಯನ್ನೂ ಕಲಿಸುವುದು. ಕಿರ್ಲೋಸ್ಕರ್ ಬ್ರದರ್ಸ್ ಎಂಬ ಹೆಸರಿನ ಹುಟ್ಟು ಇಲ್ಲಿಯದು. ಕೈಗಾರಿಕಾ ಚರಿತ್ರೆಯ ವಿದ್ಯಾರ್ಥಿಗಳಿಗೆ ಇದು ಅಪರಿಚಿತ ದಾರಿಯಲ್ಲ. ಇಂಗ್ಲೆಂಡಿನ ವಿಲಿಯಂ ಮಾರಿಸ್ ಸೈಕಲ್ ರಿಪೇರಿಯಿಂದ ಕಾರು ತಯಾರಿಕೆಗೆ ಬಂದವರು. ಅಮೆರಿಕದ ರೈಟ್ ಸೋದರರು ಸೈಕಲ್ ಅಂಗಡಿಯ ಗಳಿಕೆಯಿಂದಲೇ ವಿಮಾನ ಕಟ್ಟಿದವರು. ಚಕ್ರ, ಸರಪಳಿ, ಬೇರಿಂಗುಗಳ ಮರ್ಮವನ್ನು ಅಗ್ಗದಲ್ಲಿ ಕಲಿಸುವ ಶಾಲೆ ಸೈಕಲ್ ಅಂಗಡಿ.

ತಾಂತ್ರಿಕ ಸಂಸ್ಥೆಯಲ್ಲಿ ತಮಗೆ ಸಲ್ಲಬೇಕಾಗಿದ್ದ ಬಡ್ತಿ ಆಂಗ್ಲೋ ಇಂಡಿಯನ್ ಸಹೋದ್ಯೋಗಿಯೊಬ್ಬರ ಪಾಲಾದಾಗ ಲಕ್ಷ್ಮಣರಾಯರು ಆ ನೌಕರಿಯನ್ನು ಬಿಟ್ಟು ಬೆಳಗಾವಿಗೆ ಮರಳಿದರು. ಅಮೆರಿಕದಿಂದ ಬರುತ್ತಿದ್ದ ಗಾಳಿಯಂತ್ರಗಳ ಮಾರಾಟವನ್ನು ವಹಿಸಿಕೊಂಡರು. ಆದರೆ ಪರರ ಯಂತ್ರವನ್ನು ಮಾರುವ ದಲಾಲಿತನದಲ್ಲಿ ಅವರಿಗೆ ತೃಪ್ತಿಯಿರಲಿಲ್ಲ. ತಾವೇ ತಯಾರಿಸಲು ಮೊದಲು ಆರಿಸಿಕೊಂಡದ್ದು ಮೇವು ಕತ್ತರಿಸುವ ಯಂತ್ರವನ್ನು. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನಗಳು ಎಲೆ ತಿಂದು ದಂಟನ್ನು ತುಳಿದು ಕೆಡಿಸುತ್ತವೆ. ಸಣ್ಣಗೆ ಕತ್ತರಿಸಿ ಹಾಕಿದರೆ ಬಹುಪಾಲು ಹೊಟ್ಟೆಗೆ ಸೇರುತ್ತದೆ. ಬರಗಾಲಗಳಿಂದ ಜರ್ಜರಿತವಾಗಿದ್ದ ಆ ಕಾಲದ ಬಯಲುಸೀಮೆಯಲ್ಲಿ ಮೇವಿನ ಉಳಿತಾಯವೆಂದರೆ ಎತ್ತುಗಳ ಪ್ರಾಣದ ಉಳಿತಾಯ. ಯಾವ ಯಂತ್ರವನ್ನು ಮಾಡಬಲ್ಲೆ ಎಂದು ಯೋಚಿಸುವ ಮೊದಲು ರೈತನಿಗೆ ಯಾವುದು ಬೇಕು ಎಂದು ಯೋಚಿಸಿದ್ದು ಅವರ ಹೆಗ್ಗಳಿಕೆ.

ಮುಂದಿನದು ಕಬ್ಬಿಣದ ನೇಗಿಲು. ಎರೆಭೂಮಿಯ ಸ್ವಭಾವ ಬಲ್ಲವರಿಗೆ ಇದರ ಮಹತ್ವವನ್ನು ವಿವರಿಸಬೇಕಿಲ್ಲ. ಮಳೆಗೆ ಅಂಟಾಗಿ, ಬಿಸಿಲಿಗೆ ಕಲ್ಲಾಗಿ ಬಿರಿಯುವ ಮಣ್ಣು ಅದು. ಕರಿಕೆಯ ಬೇರು ಆಳಕ್ಕೆ ಇಳಿದರೆ ಕುಂಟೆಗೆ ಜಗ್ಗುವುದಿಲ್ಲ. ಆಳವಾಗಿ ಉಳುವ ದೊಡ್ಡ ಮರದ ನೇಗಿಲಿಗೆ ಹಲವು ಜೋಡಿ ಎತ್ತುಗಳು ಬೇಕು. ಅಷ್ಟಾದರೂ ಅದು ಮಣ್ಣನ್ನು ಸೀಳುತ್ತದೆಯೇ ಹೊರತು ಮಗುಚಿ ಹಾಕುವುದಿಲ್ಲ. ಪಾಶ್ಚಾತ್ಯ ನೇಗಿಲಿನ ಬಾಗಿದ ಹಲಗೆ ಮಣ್ಣನ್ನು ಎತ್ತಿ ಬೋರಲು ಹಾಕಿ ಕಳೆಯ ಬೇರನ್ನು ಬಿಸಿಲಿಗೆ ಒಡ್ಡುತ್ತದೆ. ಇಂಗ್ಲೆಂಡಿನ ರಾಬರ್ಟ್ ರಾನ್ಸಮ್ 1803ರಲ್ಲೇ ಇನ್ನೊಂದು ಉಪಾಯವನ್ನು ಕಂಡುಕೊಂಡಿದ್ದರು. ಎರಕ ಹೊಯ್ಯುವಾಗ ಕುಳದ ತಳಭಾಗವನ್ನು ಥಟ್ಟನೆ ತಣಿಸಿದರೆ ಆ ಭಾಗ ಗಡುಸಾಗುತ್ತದೆ, ಮೇಲ್ಭಾಗ ಮೆದುವಾಗಿ ಉಳಿಯುತ್ತದೆ. ಉಳುವಾಗ ಮೇಲ್ಭಾಗ ಬೇಗ ಸವೆದು, ಕುಳ ತನ್ನಷ್ಟಕ್ಕೆ ತಾನೇ ಹರಿತವಾಗುತ್ತ ಹೋಗುತ್ತದೆ.

ಸರಿಯಾಗಿ ನೂರು ವರ್ಷಗಳ ನಂತರ, 1903ರ ಸುಮಾರಿಗೆ, ಲಕ್ಷ್ಮಣರಾಯರು ಬೆಳಗಾವಿಯಲ್ಲಿ ತಮ್ಮ ಕಬ್ಬಿಣದ ನೇಗಿಲನ್ನು ಸಿದ್ಧಪಡಿಸಿದರು. ವಿದೇಶಿ ನೇಗಿಲು ಅದಕ್ಕೆ ಮಾದರಿ. ಅವರ ಮುಂದಿದ್ದ ಪ್ರಶ್ನೆಗಳು ಮಾತ್ರ ಹಳೆಯ ಕಾರನ್ನು ಟ್ರ್ಯಾಕಿಗೆ ಇಳಿಸುವವನ ಪ್ರಶ್ನೆಗಳಂಥವೇ. ಕುದುರೆಗಳು ಎಳೆಯುತ್ತಿದ್ದ ಯಂತ್ರವನ್ನು ನಮ್ಮ ಎತ್ತುಗಳು ಎಳೆಯಬೇಕು. ತೂಕ ಎಲ್ಲಿ ಇಳಿಯಬೇಕು, ಬಲ ಎಲ್ಲಿ ಹೆಚ್ಚಬೇಕು? ಮೊದಲು ಸವೆಯುವ ಭಾಗ ಯಾವುದು, ಅದನ್ನು ಹಳ್ಳಿಯಲ್ಲೇ ಬದಲಿಸುವಂತಿರಬೇಕೇ? ಕೊಳ್ಳುವವನ ಕೈಗೆ ಎಟಕುವ ಬೆಲೆ ಎಷ್ಟು?

ನೇಗಿಲು ಸಿದ್ಧವಾಯಿತು, ಕೊಳ್ಳುವವರು ಬರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂಬ ಭೀತಿ ರೈತರಲ್ಲಿತ್ತು. ಮೊದಲ ನೇಗಿಲು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತೆಂಬುದು ಆ ಸಂಸ್ಥೆಯ ಇತಿಹಾಸದಲ್ಲಿ ದಾಖಲಾಗಿದೆ. ಇದನ್ನು ರೈತರ ಮೌಢ್ಯವೆಂದು ಹಳಿಯುವುದು ಅರ್ಥಶಾಸ್ತ್ರದ ದೃಷ್ಟಿಯಿಂದ ಸರಿಯಲ್ಲ. ವರ್ಷಕ್ಕೊಂದೇ ಬೆಳೆ, ಕೈಯಲ್ಲಿ ಉಳಿತಾಯವಿಲ್ಲ, ಬೆನ್ನ ಮೇಲೆ ಸಾಲ. ಒಂದು ಹಂಗಾಮು ಕೈಕೊಟ್ಟರೆ ಹೊಲವೇ ಕೈಬಿಡುವ ಸ್ಥಿತಿಯಲ್ಲಿರುವವನು ಪರಿಚಯವಿಲ್ಲದ ಯಂತ್ರವನ್ನು ನಂಬುವುದು ಹೇಗೆ? ಹೊಸ ಯಂತ್ರಕ್ಕೆ ಬೇಡಿಕೆ ಹುಟ್ಟುವುದು ಜಾಹೀರಾತಿನಿಂದಲ್ಲ, ನೆರೆಯ ಹೊಲದಲ್ಲಿ ಬಂದ ಬೆಳೆಯಿಂದ. ಲಕ್ಷ್ಮಣರಾಯರು ಆ ಎರಡು ವರ್ಷ ಕಾದರು. ನಂಬಿಕೆ ಹುಟ್ಟಿದ ಮೇಲೆ ನೇಗಿಲಿಗೆ ಬೇಡಿಕೆ ಬೆಳೆಯಿತು.

ಉದ್ಯಮಕ್ಕೆ ಕಾಲೂರಲು ಅವಕಾಶ ಸಿಗಬೇಕಾದ ಹೊತ್ತಿನಲ್ಲೇ ಬೆಳಗಾವಿಯಲ್ಲಿ ನೆಲ ತಪ್ಪಿತು. ಊರಿನ ವಿಸ್ತರಣೆಗಾಗಿ ಪುರಸಭೆಗೆ ಆ ಜಾಗ ಬೇಕಾಯಿತು. ಕಾರ್ಯಾಗಾರವನ್ನು ತೆರವು ಮಾಡಬೇಕಾಯಿತು. ದಶಕಗಳ ಕಾಲ ಸರ್ಕಾರಿ ಕಡತಗಳ ನಡುವೆ ಕಳೆದ ನನ್ನಂಥವನಿಗೆ ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕೆನಿಸುವುದಿಲ್ಲ. ನಗರ ಬೆಳೆಯುವಾಗ ಬಡಾವಣೆಗೆ ಜಾಗ ಬೇಕು, ಆಡಳಿತಕ್ಕೆ ಅದೊಂದು ನಿತ್ಯದ ಕೆಲಸ. ಆದರೆ ನಕಾಶೆಯ ಮೇಲೆ ಒಂದು ಶೆಡ್ಡಾಗಿ ಮಾತ್ರ ಕಾಣುವ ವಸ್ತುವಿನ ಒಳಗೆ ಏನು ಬೆಳೆಯುತ್ತಿದೆ ಎಂಬುದನ್ನು ಗುರುತಿಸುವ ಅಂಕಣ ಆ ಕಡತದಲ್ಲಿ ಇರುವುದಿಲ್ಲ. ಪರಿಹಾರವನ್ನು ಲೆಕ್ಕ ಹಾಕುವಾಗ ನೆಲದ ಬೆಲೆ ಸಿಗುತ್ತದೆ, ಕಟ್ಟಡದ ಬೆಲೆ ಸಿಗುತ್ತದೆ. ಅಲ್ಲಿ ಪಳಗಿದ ಕೈಗಳ ಬೆಲೆ ಎಲ್ಲಿಯೂ ದಾಖಲಾಗುವುದಿಲ್ಲ.

ನೆರವು ಬಂದದ್ದು ಔಂಧ್ ಸಂಸ್ಥಾನದಿಂದ. ನಮ್ಮ ರಾಮದುರ್ಗದಂತೆಯೇ ಅದೂ ದಕ್ಷಿಣ ಮಹಾರಾಷ್ಟ್ರ ಸೀಮೆಯ ಒಂದು ಪುಟ್ಟ ಸಂಸ್ಥಾನ. ಆಗಷ್ಟೇ ಪಟ್ಟವೇರಿದ್ದ ರಾಜಾ ಬಾಳಾಸಾಹೇಬ ಪಂತ ಪ್ರತಿನಿಧಿ ಕಲೆಯಲ್ಲಿ ಪ್ರೀತಿಯುಳ್ಳವರು, ಸ್ವತಃ ಚಿತ್ರಕಾರರು. ಅವರು ಕುಂಡಲ್ ಬಳಿ ರೈಲು ನಿಲ್ದಾಣದ ಸಮೀಪ 32 ಎಕರೆ ನೆಲವನ್ನೂ, ಬಡ್ಡಿಯಿಲ್ಲದೆ 10,000 ರೂಪಾಯಿ ಸಾಲವನ್ನೂ ನೀಡಿದರು. ಪಾಪಾಸುಕಳ್ಳಿ ಬೆಳೆದಿದ್ದ, ಹಾವುಗಳಿಂದ ತುಂಬಿದ್ದ ಬಂಜರು ಅದು. 1910ರ ಮಾರ್ಚ್ 10ರಂದು ಅಲ್ಲಿ ಕಿರ್ಲೋಸ್ಕರ್‌ವಾಡಿಗೆ ಬುನಾದಿ ಬಿದ್ದಿತು. ದೇಶದ ಮೊದಲ ಕೈಗಾರಿಕಾ ಊರುಗಳಲ್ಲಿ ಒಂದೆಂದು ಅದು ಹೆಸರಾಯಿತು. ಪ್ರಾಂತ್ಯದ ದೊಡ್ಡ ಆಡಳಿತಕ್ಕೆ ಕಾಣದ್ದು ಒಂದು ಸಣ್ಣ ಸಂಸ್ಥಾನದ ಅರಸನಿಗೆ ಕಂಡಿತೆಂಬುದು ಯೋಚಿಸಬೇಕಾದ ಸಂಗತಿ.

ಅಲ್ಲಿ ಲಕ್ಷ್ಮಣರಾಯರು ಮನುಷ್ಯರ ವಿಷಯದಲ್ಲೂ ಇದೇ ನೀತಿಯನ್ನು ಪಾಲಿಸಿದರು. ಶಾಲೆಯಲ್ಲಿ ಮುಂದೆ ಬಾರದವರು ಅವರ ಕೈಯಲ್ಲಿ ನುರಿತ ಕೆಲಸಗಾರರಾದರು. ಸೆರೆವಾಸ ಕಂಡು ಬಂದಿದ್ದವರನ್ನು ಕಾವಲಿಗೆ ನೇಮಿಸಿಕೊಂಡರು. ಅವರು ಆ ನಂಬಿಕೆಯನ್ನು ಉಳಿಸಿಕೊಂಡರು. ಕಿರ್ಲೋಸ್ಕರ್‌ವಾಡಿಯಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಎಡೆಯಿರಲಿಲ್ಲ. ಲೋಕ ನಿರುಪಯೋಗಿ ಎಂದು ಬದಿಗಿಟ್ಟದ್ದನ್ನು ಕೈಗೆತ್ತಿಕೊಂಡು ಅದರ ಶಕ್ತಿ ಎಲ್ಲಿದೆಯೆಂದು ನೋಡುವುದು ಅವರಿಗೆ ಸ್ವಭಾವವೇ ಆಗಿತ್ತು.

ಮೊದಲ ಮಹಾಯುದ್ಧದ ವರ್ಷಗಳಲ್ಲಿ ಆ ಸ್ವಭಾವಕ್ಕೆ ದೊಡ್ಡ ಪರೀಕ್ಷೆ ಒದಗಿತು. ಕಬ್ಬಿಣ, ಕಲ್ಲಿದ್ದಲು, ಬಣ್ಣ, ಯಾವುದೂ ಬೇಕಾದಷ್ಟು ಸಿಗದಾಯಿತು. ಕಲ್ಲಿದ್ದಲಿನ ಬದಲು ಸುತ್ತಲಿನ ಕಟ್ಟಿಗೆಯನ್ನು ಬಳಸಿ ನೋಡಿದರು. ಕಬ್ಬಿಣಕ್ಕೆ ಕೊಲ್ಲಾಪುರದ ಶಾಹು ಮಹಾರಾಜರು ನೆರವಾದರು. ಆ ಸಂಸ್ಥಾನದಲ್ಲಿ ಕೆಲಸವಿಲ್ಲದೆ ಬಿದ್ದಿದ್ದ ಹಳೆಯ ಫಿರಂಗಿಗಳು ಕಿರ್ಲೋಸ್ಕರ್‌ವಾಡಿಯ ಕುಲುಮೆಗೆ ಬಂದು, ಕರಗಿ, ನೇಗಿಲುಗಳಾಗಿ ಹೊರಬಂದವು. 1824ರಲ್ಲಿ ಫಿರಂಗಿಗಳ ಸದ್ದನ್ನು ಕೇಳಿ, ಕೋಟೆ ಕುಸಿಯುವುದನ್ನು ಕಂಡ ಕಿತ್ತೂರಿನ ಸೀಮೆಗೆ ಈ ಸಂಗತಿ ವಿಶೇಷವಾಗಿ ಅರ್ಥವಾಗಬೇಕು. ಹಳೆಯ ಯಂತ್ರವೊಂದಕ್ಕೆ ದೊರೆತ ಹೊಸ ಜನ್ಮಗಳಲ್ಲಿ ಇಷ್ಟು ಸಾರ್ಥಕವಾದವು ಹೆಚ್ಚಿಲ್ಲ.

ಮುಂದಿನ ಬೆಳವಣಿಗೆ ಕ್ಷಿಪ್ರವಾದುದು. 1920ರಲ್ಲಿ ಸಂಸ್ಥೆ ಲಿಮಿಟೆಡ್ ಕಂಪನಿಯಾಯಿತು. 1926ರ ಹೊತ್ತಿಗೆ ಪಂಪು ಮತ್ತು ಎಂಜಿನುಗಳ ತಯಾರಿಕೆ ಆರಂಭವಾಯಿತು. ಪದವಿ ಇಲ್ಲದ ತಂದೆ ಮಗ ಶಂತನುರಾಯರನ್ನು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಕಳುಹಿಸಿದರು. ಅವರು ಅದೇ 1926ರಲ್ಲಿ ಪದವೀಧರರಾಗಿ ಮರಳಿದರು. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು. ಅಲ್ಲಿ ತಯಾರಾಗುತ್ತಿದ್ದುದು ಲೇತ್, ಅಂದರೆ ಇತರ ಯಂತ್ರಗಳನ್ನು ಹುಟ್ಟಿಸುವ ಯಂತ್ರ. ರೇಸ್ ಕಾರಿನ ಅಚ್ಚು ಇರಲಿ, ಹೊಲದ ಪಂಪಿನ ದಂಡ ಇರಲಿ, ಲೇತ್ ಇಲ್ಲದೆ ಅಳತೆಗೆ ಕೂಡುವುದಿಲ್ಲ. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸ್ಥಾಪನೆಯಾದವು. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ನಿಧನರಾದರು. ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿಯನ್ನು ಹೊರತಂದಿತು. ಸೈಕಲ್ ಅಂಗಡಿಯಿಂದ ಹೊರಟ ಹೆಸರು ಕಾರಿಗೂ ಬಂದು ಸೇರಿತು: 1997ರಲ್ಲಿ ಸ್ಥಾಪನೆಯಾದ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯ ಹೆಸರಿನ ಉತ್ತರಾರ್ಧ ಗುರ್ಲಹೊಸೂರಿನದು.

ಎಲ್ಲವೂ ಯಶಸ್ಸಿನ ಕಥೆಯೇನಲ್ಲ. ಒಂದು ಕಾಲಕ್ಕೆ ಹರಿಹರದ ಬದುಕಾಗಿದ್ದ ಲೇತ್ ಕಾರ್ಖಾನೆ ಈ ಶತಮಾನದ ಆರಂಭದಲ್ಲೇ ಮುಚ್ಚಿತು. ಸ್ಥಾಪಕನ ವಿದ್ಯೆ ಸಂಸ್ಥೆಗೆ ಶಾಶ್ವತ ವಿಮೆಯಾಗದು. ಗಣಕ ನಿಯಂತ್ರಿತ ಯಂತ್ರಗಳ ಕಾಲದಲ್ಲಿ ತನ್ನನ್ನೇ ಬಿಚ್ಚಿ ಕಟ್ಟಿಕೊಳ್ಳಲಾಗದ ಕಾರ್ಖಾನೆಗೆ ಹಳೆಯ ಕೀರ್ತಿ ಊರುಗೋಲಾಗುವುದಿಲ್ಲ.

ಹಾಗಾದರೆ ಆ ಊರು ಕಳೆದುಕೊಂಡದ್ದೇನು? ಬೆಳಗಾವಿಯಲ್ಲಿ ಇಂದು ಕಿರ್ಲೋಸ್ಕರ್ ರಸ್ತೆ ಇದೆ, ಕಿರ್ಲೋಸ್ಕರ್ ಕಾರ್ಖಾನೆ ಇಲ್ಲ. ಉದ್ಯಮಬಾಗದ ಫೌಂಡ್ರಿಗಳು ವಾಹನಗಳ ಬಿಡಿಭಾಗಗಳಿಗೆ ಎರಕ ಹೊಯ್ಯುತ್ತಿವೆ ಎಂಬುದು ಸಮಾಧಾನದ ಸಂಗತಿ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ತರುಣರು ಯಂತ್ರದ ಕೆಲಸಕ್ಕಾಗಿ ಪುಣೆಯ, ಬೆಂಗಳೂರಿನ ದಾರಿ ಹಿಡಿಯುವುದು ನಿಂತಿಲ್ಲ. ಅದೇ ಪೇಟೆಗಳ ಟ್ರ್ಯಾಕ್ಟರ್ ದುರಸ್ತಿ ಅಂಗಡಿಗಳಲ್ಲಿ ಬಿತ್ತುವ ಕೂರಿಗೆಯನ್ನು ಟ್ರ್ಯಾಕ್ಟರಿಗೆ ಹೊಂದಿಸುವ, ಒಂದು ಕಂಪನಿಯ ಭಾಗವನ್ನು ಇನ್ನೊಂದಕ್ಕೆ ಕೂಡಿಸುವ ಕೈಗಳಿವೆ. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಅಂತರ ಕಾಲೇಜು ಸ್ಪರ್ಧೆಗಳಿಗಾಗಿ ಪುಟ್ಟ ರೇಸ್ ಕಾರುಗಳನ್ನು ಕಟ್ಟುತ್ತಾರೆ. ಒಂದು ಕಡೆ ಪದವಿಯಿಲ್ಲದ ಪಳಗಿದ ಕೈ, ಇನ್ನೊಂದು ಕಡೆ ನಕ್ಷೆ ಬಲ್ಲ ಕಲಿಕೆ. ಲಕ್ಷ್ಮಣರಾಯರಲ್ಲಿ ಈ ಎರಡೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದವು. ಇಂದು ಅವು ಒಂದನ್ನೊಂದು ಭೇಟಿಯಾಗುವುದೇ ಅಪರೂಪ.

ಕೈಗಾರಿಕಾ ನೀತಿ ಎಂದೊಡನೆ ನಮ್ಮ ಸರ್ಕಾರಗಳ ಗಮನ ಸಾವಿರಾರು ಕೋಟಿಯ ಒಪ್ಪಂದಗಳತ್ತ ಹರಿಯುತ್ತದೆ. ಅವು ಬೇಡವೆಂದಲ್ಲ. ಆದರೆ ಔಂಧ್ ಕೊಟ್ಟದ್ದು 32 ಎಕರೆ ಮತ್ತು 10,000 ರೂಪಾಯಿ; ಅದೂ ಈಗಾಗಲೇ ಕೆಲಸದಲ್ಲಿ ತನ್ನನ್ನು ತೋರಿಸಿಕೊಂಡಿದ್ದ ಒಬ್ಬ ಮನುಷ್ಯನಿಗೆ. ಈ ನಾಲ್ಕು ತಾಲ್ಲೂಕುಗಳ ಕೇಂದ್ರಗಳಲ್ಲಿ ಬಾಡಿಗೆಗೆ ಸಿಗುವ ಕೆಲವು ಶೆಡ್ಡುಗಳು, ಯಾರು ಬೇಕಾದರೂ ಬಂದು ಬಳಸಬಹುದಾದ ಲೇತ್ ಮತ್ತು ಎರಕದ ಸೌಲಭ್ಯ, ಹತ್ತಿರದ ಐ.ಟಿ.ಐ. ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಬೋಧಕರು ವಾರಕ್ಕೊಂದು ದಿನ ಅಲ್ಲಿ ಕೂರುವ ಏರ್ಪಾಡು, ಎರಡು ಹಂಗಾಮು ಕಾಯಬಲ್ಲ ಸಣ್ಣ ಸಾಲ: ಇಷ್ಟನ್ನು ಮಾಡಲು ಹೊಸ ಕಾಯ್ದೆ ಬೇಕಿಲ್ಲ. ಹಾಗೆಯೇ, ಪಟ್ಟಣದ ವಿಸ್ತರಣೆಗೆ ಜಾಗ ಗುರುತಿಸುವ ಅಧಿಕಾರಿ ಅಲ್ಲಿರುವ ಕಾರ್ಯಾಗಾರವನ್ನು ತೆರವು ಮಾಡುವ ಮೊದಲು ಅದಕ್ಕೆ ಬೇರೊಂದು ಜಾಗವನ್ನು ತೋರಿಸಲೇಬೇಕೆಂಬ ನಿಯಮವೊಂದು ಪೌರಾಡಳಿತದ ಕೈಪಿಡಿಗೆ ಸೇರಬೇಕು. ಹಾಗಾದರೆ ಗುರ್ಲಹೊಸೂರಿನ ಮುಂದಿನ ಹುಡುಗ ತನ್ನ ನೇಗಿಲನ್ನೋ ರೇಸ್ ಕಾರನ್ನೋ ಕಟ್ಟಲು ಇನ್ನೊಂದು ರಾಜ್ಯದ ಬಂಜರನ್ನು ಹುಡುಕಿಕೊಂಡು ಹೋಗಬೇಕಾಗುವುದಿಲ್ಲ.